ಕ್ರೈಸ್ತ ಬೇಸಿಗೆ ಶಿಬಿರಗಳು ಮತ್ತು ಯುವಜನ

ಶಾಲೆ ಕಾಲೇಜುಗಳಿಗೆ ಬೇಸಿಗೆ ರಜೆ ಬಿಟ್ಟಾಗ ಮಕ್ಕಳನ್ನೂ ತರುಣರನ್ನೂ ಮನೆಯಿಂದ ದೂರದ ಕಾಡು, ಕೆರೆ, ಬೆಟ್ಟ ಇಲ್ಲವೇ ಕಡಲತೀರದಲ್ಲಿ ಕೆಲವು ದಿನ ಒಟ್ಟಿಗೆ ಇರಿಸಿಕೊಂಡು, ಆಟ, ಈಜು, ಹಾಡು, ಕೈಕೆಲಸಗಳ ನಡುವೆ ಬೈಬಲ್ ಪಾಠವನ್ನೂ ಪ್ರಾರ್ಥನೆಯ ರೂಢಿಯನ್ನೂ ಕಲಿಸುವ ವಸತಿ ಶಿಬಿರಗಳಿವು. ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ಮುಂದೆ ಬ್ರಿಟನ್, ಯುರೋಪಿನ ಇತರ ದೇಶಗಳು, ಆಫ್ರಿಕ, ಭಾರತಗಳಿಗೆ ಹರಡಿ ಆಯಾ ನೆಲಕ್ಕೆ ತಕ್ಕ ರೂಪ ತಳೆದವು. ಶಿಬಿರಾರ್ಥಿಗಳು ಸಾಮಾನ್ಯವಾಗಿ ಎಂಟರಿಂದ ಹದಿನೆಂಟು ವಯಸ್ಸಿನವರು. ಅವರ ಜೊತೆ ಒಂದೇ ಸೂರಿನಡಿ ಮಲಗಿ ಏಳುವ ಮುಂದಾಳುಗಳು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳು. ಶಿಬಿರ ನಡೆಯುವುದು ಒಂದು ವಾರವೋ ಹದಿನೈದು ದಿನವೋ, ಹೆಚ್ಚೆಂದರೆ ಒಂದೆರಡು ತಿಂಗಳು. ಇಷ್ಟು ಚಿಕ್ಕ ಅವಧಿಯ ಅನುಭವದಲ್ಲಿ ಬದುಕಿಡೀ ಉಳಿಯುವುದು ಏನು, ಉಳಿಯುವುದು ಹೇಗೆ ಎಂಬುದೇ ಈ ಶಿಬಿರಗಳ ಬಗೆಗಿನ ಮುಖ್ಯ ಪ್ರಶ್ನೆ. ಕೊನೆಯ ರಾತ್ರಿ ಶಿಬಿರಾಗ್ನಿಯ ಮುಂದೆ ಮಾಡಿದ ನಿರ್ಧಾರವನ್ನು ಎಲ್ಲರೂ ನೆನೆಯುತ್ತಾರೆ. ಚರಿತ್ರೆಯನ್ನು ತಿರುವಿ ನೋಡಿದರೆ ಅದಕ್ಕಿಂತ ಹೆಚ್ಚು ಕಾಲ ಬಾಳಿರುವುದು ಅಲ್ಲಿ ಬೆಳೆದ ಸಂಬಂಧ ಮತ್ತು ಹದಿಹರೆಯದಲ್ಲೇ ಹೆಗಲಿಗೇರಿದ ಹೊಣೆ. ಆ ಸಂಬಂಧ ಕೆಟ್ಟ ಕಡೆ ಆದ ಗಾಯವೂ ಅಷ್ಟೇ ಕಾಲ ಉಳಿದಿದೆ.

ಹುಟ್ಟು

1801ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕೆಂಟಕಿ ಸೀಮೆಯ ಕೇನ್ ರಿಜ್ ಎಂಬಲ್ಲಿ ಸಾವಿರಾರು ಜನ ಗಾಡಿ ಗುಡಾರಗಳೊಂದಿಗೆ ಬಂದು ಬೀಡುಬಿಟ್ಟು ಹಗಲೂ ರಾತ್ರಿಯೂ ಬೋಧನೆ ಕೇಳಿದರು. ಬಯಲಿನಲ್ಲಿ ನಡೆಯುವ ಇಂಥ ಕೂಟಗಳು ಮುಂದಿನ ದಶಕಗಳಲ್ಲಿ ಅಮೆರಿಕದ ಹಳ್ಳಿಗಾಡಿನಲ್ಲಿ ರೂಢಿಯಾದವು. ಇವು ದೊಡ್ಡವರ ಕೂಟಗಳು; ಮಕ್ಕಳು ತಂದೆತಾಯಿಯ ಬೆನ್ನಿಗೆ ಬಂದವರು ಮಾತ್ರ. 1874ರಲ್ಲಿ ಮೆಥಡಿಸ್ಟ್ ಬೋಧಕ ಜಾನ್ ಹೇಲ್ ವಿನ್ಸೆಂಟ್ ಮತ್ತು ಉದ್ಯಮಿ ಲೂಯಿಸ್ ಮಿಲ್ಲರ್ ನ್ಯೂಯಾರ್ಕ್ ರಾಜ್ಯದ ಶಟಾಕ್ವ ಸರೋವರದ ದಂಡೆಯಲ್ಲಿ ಭಾನುವಾರ ಶಾಲೆಯ ಶಿಕ್ಷಕರಿಗಾಗಿ ಬೇಸಿಗೆ ತರಬೇತಿ ಆರಂಭಿಸಿದಾಗ ಬಯಲು, ನೀರು, ಪಾಠ ಮೂರೂ ಒಂದೆಡೆ ಸೇರಿದವು.

ಹುಡುಗರನ್ನೇ ಕರೆದುಕೊಂಡು ಹೊರಟ ಮೊದಲಿಗರಲ್ಲಿ ಕನೆಟಿಕಟ್‌ನ ಶಾಲಾ ಮುಖ್ಯಸ್ಥ ಫ್ರೆಡ್ರಿಕ್ ಗನ್ ಒಬ್ಬ. 1861ರಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಲ್ಲಿ ಕಡಲತೀರಕ್ಕೆ ಒಯ್ದು ಅಲ್ಲಿ ಬೀಡುಬಿಟ್ಟ. 1877ರಲ್ಲಿ ಪೆನ್ಸಿಲ್ವೇನಿಯದ ಸಭಾಪಾಲಕ ವಿಲ್ಲರ್ಡ್ ಪಾರ್ಸನ್ಸ್ ನ್ಯೂಯಾರ್ಕ್ ನಗರದ ಬಡ ಮಕ್ಕಳನ್ನು ತನ್ನ ಹಳ್ಳಿಯ ಮನೆಗಳಿಗೆ ಕರೆಸಿಕೊಂಡ. ನಗರದ ಉಸಿರುಗಟ್ಟಿಸುವ ಕೇರಿಗಳಿಂದ ಮಕ್ಕಳಿಗೆ ಬಿಡುವು ಕೊಡುವ ದೊಡ್ಡ ಸೇವಾಕಾರ್ಯವೊಂದು ಅಲ್ಲಿಂದ ಬೆಳೆಯಿತು. ಚರ್ಚಿನ ವತಿಯಿಂದ ನಡೆದ ಮೊದಲ ಶಿಬಿರವೆಂದು ಹೆಸರಾದದ್ದು 1880ರದು: ಜಾರ್ಜ್ ಹಿಂಕ್ಲಿ ಎಂಬ ಸಭಾಪಾಲಕ ತನ್ನ ಸಭೆಯ ಏಳು ಹುಡುಗರನ್ನು ರೋಡ್ ಐಲೆಂಡಿನ ಗಾರ್ಡ್ನರ್ಸ್ ದ್ವೀಪಕ್ಕೆ ಕರೆದೊಯ್ದ. ಬೆಳಿಗ್ಗೆ ಪಾಠ, ಮಧ್ಯಾಹ್ನ ಈಜು ಮತ್ತು ಆಟ, ಸಂಜೆ ಹಾಡು, ಕಥೆ, ಮಾತು. ಇಂದಿನ ಶಿಬಿರಗಳ ದಿನಚರಿಯೂ ಹೆಚ್ಚುಕಡಿಮೆ ಇದೇ. ಪೀಠದ ಮೇಲೆ ನಿಂತು ಮಾತಾಡುವ ತಾನು ಈ ಹುಡುಗರನ್ನು ಹತ್ತಿರದಿಂದ ತಿಳಿಯಬೇಕೆಂಬುದು ಹಿಂಕ್ಲಿಯ ಆಸೆಯಾಗಿತ್ತು. ಈ ಶಿಬಿರಗಳ ಶಕ್ತಿಯ ಮೂಲ ಆ ಆಸೆಯಲ್ಲೇ ಇದೆ.

1885ರಲ್ಲಿ ಸಮ್ನರ್ ಡಡ್ಲಿ ಎಂಬ ಯುವಕ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ಏಳು ಹುಡುಗರೊಂದಿಗೆ ನ್ಯೂಯಾರ್ಕ್ ರಾಜ್ಯದ ಆರೆಂಜ್ ಸರೋವರದ ಬಳಿ ಗುಡಾರ ಹಾಕಿದ. ಆತ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರೂ ಅವನ ಹೆಸರು ಹೊತ್ತ ಕ್ಯಾಂಪ್ ಡಡ್ಲಿ ಮುಂದೆ ಶಾಂಪ್ಲೇನ್ ಸರೋವರದ ದಂಡೆಗೆ ಬಂದು ಇಂದಿಗೂ ನಡೆಯುತ್ತಿದೆ. ಎದುರಿನವನಿಗೆ ಮೊದಲ ಸ್ಥಾನ ಎಂಬುದು ಅದರ ಧ್ಯೇಯವಾಕ್ಯ. ನಗರ ಜೀವನ ಗಂಡುಹುಡುಗರನ್ನು ಸೊರಗಿಸುತ್ತಿದೆ, ದೇಹ ಗಟ್ಟಿಯಾದರೆ ಶೀಲವೂ ಗಟ್ಟಿ ಎಂಬ ಆ ಕಾಲದ ನಂಬಿಕೆ ಇಂಥ ಪ್ರಯತ್ನಗಳಿಗೆಲ್ಲ ಒತ್ತಾಸೆಯಾಗಿತ್ತು. ಹುಡುಗಿಯರ ಶಿಬಿರಗಳು ಸ್ವಲ್ಪ ತಡವಾಗಿ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಾಣಿಸಿಕೊಂಡವು. ಎಲ್ಲ ಮಕ್ಕಳೂ ದೇವರ ಮಕ್ಕಳು ಎಂದು ಹಾಡಿಸುತ್ತಿದ್ದ ಬಹುಪಾಲು ಅಮೆರಿಕನ್ ಶಿಬಿರಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಕಪ್ಪು ಮಕ್ಕಳನ್ನು ಒಳಗೆ ಬಿಡಲಿಲ್ಲ. ಆ ಮಕ್ಕಳು ಶಿಬಿರದ ಸುಖ ಕಂಡದ್ದು ತಮ್ಮವರೇ ಕಟ್ಟಿಕೊಂಡ ಬೇರೆ ಶಿಬಿರಗಳಲ್ಲಿ. ಈ ಚರಿತ್ರೆಯ ಮೇಲಿನ ಕಲೆ ಅದು.

ಮೌಂಟ್ ಹರ್ಮನ್, 1886

ಒಂದು ಬೇಸಿಗೆ ಶಿಬಿರದ ಪ್ರಭಾವ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1886ರ ಜುಲೈ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ನಡೆದ ಕೂಟಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಪ್ರಸಿದ್ಧ ಬೋಧಕ ಡ್ವೈಟ್ ಮೂಡಿ ಕಟ್ಟಿದ ಶಾಲೆಯ ಆವರಣದಲ್ಲಿ, ವೈಎಂಸಿಎಯ ಲೂಥರ್ ವಿಶರ್ಡ್ ಅವರ ಮುತುವರ್ಜಿಯಿಂದ, ಅಮೆರಿಕದ ಕಾಲೇಜುಗಳ 251 ವಿದ್ಯಾರ್ಥಿಗಳು ಸುಮಾರು ಒಂದು ತಿಂಗಳು ತಂಗಿದರು. ಬೆಳಿಗ್ಗೆ ಬೈಬಲ್ ಅಧ್ಯಯನ, ಮಧ್ಯಾಹ್ನ ಆಟ, ಈಜು, ಸಂಜೆ ಮತ್ತೆ ಸಭೆ. ವಿದೇಶಗಳಿಗೆ ಧರ್ಮಪ್ರಚಾರಕರನ್ನು ಕಳುಹಿಸುವ ಯೋಚನೆ ಕಾರ್ಯಕ್ರಮದಲ್ಲಿ ಇರಲೇ ಇಲ್ಲ.

ಆ ಯೋಚನೆಯನ್ನು ತಂದವನು ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ರಾಬರ್ಟ್ ವೈಲ್ಡರ್. ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ, ಅಲ್ಲಿ ಮಿಷನರಿಯಾಗಿದ್ದ ರಾಯಲ್ ವೈಲ್ಡರ್ ಅವರ ಮಗನಾಗಿ 1863ರಲ್ಲಿ ಹುಟ್ಟಿದವನು ಈತ. ವೇದಿಕೆಯ ಮೇಲಿನ ಭಾಷಣಗಳಿಗಿಂತ ಮರದಡಿಯಲ್ಲಿ, ಕೋಣೆಗಳಲ್ಲಿ, ನಡಿಗೆಯ ಹೊತ್ತಿನಲ್ಲಿ ಒಬ್ಬೊಬ್ಬರ ಜೊತೆ ಅವನು ಆಡಿದ ಮಾತು ಕೆಲಸ ಮಾಡಿತು. ಒಂದು ಸಂಜೆ ಬೇರೆ ಬೇರೆ ದೇಶಗಳಿಗೆ ಸೇರಿದ, ಇಲ್ಲವೇ ಅಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಎದ್ದು ಆಯಾ ದೇಶದ ಅಗತ್ಯವನ್ನು ಹೇಳಿದರು. ಶಿಬಿರ ಮುಗಿಯುವಷ್ಟರಲ್ಲಿ 100 ಮಂದಿ ಹೊರನಾಡುಗಳಿಗೆ ಹೋಗಲು ಹೆಸರು ಕೊಟ್ಟಿದ್ದರು. ವೈಲ್ಡರ್ ಮತ್ತು ಅವನ ಗೆಳೆಯ ಜಾನ್ ಫೋರ್ಮನ್ ಮುಂದಿನ ವರ್ಷವಿಡೀ ಕಾಲೇಜಿನಿಂದ ಕಾಲೇಜಿಗೆ ಅಲೆದರು. 1888ರಲ್ಲಿ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಅಧಿಕೃತವಾಗಿ ರೂಪುಗೊಂಡಿತು. ಅದರ ಮೂಲಕ ಮುಂದಿನ ದಶಕಗಳಲ್ಲಿ ಸುಮಾರು 20,000 ಮಂದಿ ಲೋಕದ ಮೂಲೆಮೂಲೆಗೆ ಹೊರಟರು.

ಆ ನೂರು ಮಂದಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಮಾಟ್ ಕೂಡ ಇದ್ದರು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನದಲ್ಲಿ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. 1910ರ ಎಡಿನ್‌ಬರೊ ಮಿಷನರಿ ಮಹಾಸಮ್ಮೇಳನದ ಅಧ್ಯಕ್ಷರು. 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡವರು. ಭಾರತಕ್ಕೆ ಅವರು ಮತ್ತೆಮತ್ತೆ ಬಂದರು. ಇಲ್ಲಿ ವೈಎಂಸಿಎ ಬೆಳೆಸಿದ ವಿ.ಎಸ್. ಅಜರಯ್ಯ ಎಡಿನ್‌ಬರೊದಲ್ಲಿ ಎದ್ದು ನಿಂತು, ನಮಗೆ ಬೇಕಾದದ್ದು ಸ್ನೇಹಿತರು ಎಂದು ಮಿಷನರಿಗಳ ಮುಖಕ್ಕೇ ಹೇಳಿದರು. 1912ರಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ಅದೇ ವರ್ಷ ಹುಟ್ಟಿದ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ ತನ್ನ ಶಿಬಿರ, ಸಮ್ಮೇಳನಗಳಲ್ಲಿ ಬೈಬಲ್ ಜೊತೆಗೆ ಸ್ವಾತಂತ್ರ್ಯ, ಜಾತಿ, ಬಡತನಗಳ ಚರ್ಚೆಯನ್ನೂ ತಂದಿತು. ಮುಂದೆ ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯನ್ನು ಮುನ್ನಡೆಸಿ, ನಾಗಾಲ್ಯಾಂಡಿನ ರಾಜ್ಯಪಾಲರೂ ಆದ ಎಂ.ಎಂ. ಥಾಮಸ್ ಈ ವಿದ್ಯಾರ್ಥಿ ಚಳವಳಿಯ ಗರಡಿಯವರು. ಮೌಂಟ್ ಹರ್ಮನ್‌ನ ಹುರುಪಿನಲ್ಲಿ ಲೋಕವನ್ನೇ ಗೆದ್ದುಬಿಡುವ ಪಾಶ್ಚಾತ್ಯ ಠೇಂಕಾರವೂ ಬೆರೆತಿತ್ತೆಂಬುದನ್ನು ಮರೆಯುವಂತಿಲ್ಲ. ಆದರೆ ಅದೇ ಶಿಬಿರ ಪರಂಪರೆ ಆ ಠೇಂಕಾರವನ್ನು ಪ್ರಶ್ನಿಸುವ ತರುಣರನ್ನೂ ಬೆಳೆಸಿತು. ಈ ಎರಡನೆಯ ಫಲವೇ ಹೆಚ್ಚು ಬೆಲೆಯುಳ್ಳದ್ದು.

ಭಾರತದಿಂದ ಅತ್ತ ಹೋದದ್ದೂ ಉಂಟು. ಅಮೆರಿಕನ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ 1930ರಲ್ಲಿ ನೈನಿತಾಲ್ ಬಳಿಯ ಸಾತ್‌ತಾಲ್‌ನಲ್ಲಿ ಕ್ರೈಸ್ತ ಆಶ್ರಮ ಆರಂಭಿಸಿದರು. ಬೇಸಿಗೆಯಲ್ಲಿ ಅಲ್ಲಿ ಸೇರುವವರು ನೆಲದ ಮೇಲೆ ಕೂತು ಊಟ ಮಾಡಿ, ಮೈಮುರಿದು ದುಡಿಯುತ್ತಿದ್ದರು. ಜಾಡಮಾಲಿಗೆ ರಜೆ ಕೊಟ್ಟು ಅವನ ಕೆಲಸವನ್ನು ಶಿಬಿರದವರೇ, ಬ್ರಾಹ್ಮಣ ಹಿನ್ನೆಲೆಯವರೂ ಬಿಳಿಯರೂ ಸೇರಿ, ಮಾಡುವ ದಿನವೂ ಇತ್ತು. 1940ರಿಂದ ಜೋನ್ಸ್ ಈ ಮಾದರಿಯನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿನ ಬೇಸಿಗೆ ಶಿಬಿರಗಳ ಪಟ್ಟಿಯಲ್ಲಿ ಇಂದಿಗೂ ಆಶ್ರಮ ಎಂಬ ಹೆಸರು ಕಾಣುವುದು ಹಾಗಾಗಿ.

ಶಿಬಿರದ ಒಳಗೆ

ಬೆಳಿಗ್ಗೆ ಗಂಟೆ ಅಥವಾ ಸೀಟಿ. ಹಾಸಿಗೆ ಮಡಿಸಿ, ಮುಖ ತೊಳೆದು, ಒಬ್ಬೊಬ್ಬರೇ ಬೈಬಲ್ ಹಿಡಿದು ಮೌನವಾಗಿ ಕೂರುವ ಹೊತ್ತು. ತಿಂಡಿಯಾದ ಮೇಲೆ ಹಾಡು, ಪಾಠ, ಚಿಕ್ಕ ಗುಂಪುಗಳಲ್ಲಿ ಚರ್ಚೆ. ಮಧ್ಯಾಹ್ನ ದೋಣಿ, ಹಗ್ಗದ ಸೇತುವೆ, ಪಂದ್ಯಗಳು. ಪಾತ್ರೆ ತೊಳೆಯುವ, ಕಸ ಗುಡಿಸುವ ಪಾಳಿ. ರಾತ್ರಿ ನಾಟಕ, ನಗು, ಆಮೇಲೆ ನಿಧಾನಕ್ಕೆ ಗಂಭೀರವಾಗುವ ಸಭೆ. ದೀಪ ಆರಿದ ಮೇಲೆ ಕ್ಯಾಬಿನ್ನಿನ ಕತ್ತಲಲ್ಲಿ ನಡೆಯುವ ಪಿಸುಮಾತು. ಇದು ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಬಹಳ ಮಂದಿಯ ನೆನಪಿನಲ್ಲಿ ಮೊದಲು ಬರುವುದು ಇದೇ. ಮನೆಯಲ್ಲಿ ಕೇಳಲಾಗದ ಪ್ರಶ್ನೆ, ಶಾಲೆಯಲ್ಲಿ ಹೇಳಲಾಗದ ಅಳುಕು ಅಲ್ಲಿ ಬಾಯಿಗೆ ಬರುತ್ತವೆ.

ಸಮಾಜಶಾಸ್ತ್ರಜ್ಞರೂ ಮಾನವಶಾಸ್ತ್ರಜ್ಞರೂ ಇದಕ್ಕೆ ತಮ್ಮ ವಿವರಣೆ ಕೊಟ್ಟಿದ್ದಾರೆ. ಜನ ಒಂದೆಡೆ ಸೇರಿ ಒಂದೇ ಆಚರಣೆಯಲ್ಲಿ ತೊಡಗಿದಾಗ ಉಕ್ಕುವ ಸಾಮೂಹಿಕ ಹುರುಪೇ ಧರ್ಮದ ಜೀವಾಳ ಎಂದು ಎಮಿಲ್ ಡರ್ಕ್‌ಹೈಮ್ 1912ರಲ್ಲಿ ಬರೆದರು. ದೀಕ್ಷೆಯ ವಿಧಿಗಳನ್ನು ಅಧ್ಯಯನ ಮಾಡಿದ ವಿಕ್ಟರ್ ಟರ್ನರ್, ಹಳೆಯ ಸ್ಥಾನಮಾನಗಳನ್ನು ಕಳಚಿ ಹೊಸತನ್ನು ಇನ್ನೂ ತೊಡದ ನಡುಗಾಲದಲ್ಲಿ ಮನುಷ್ಯರ ನಡುವೆ ಅಪೂರ್ವ ಸಮಾನತೆ ಹುಟ್ಟುತ್ತದೆ ಎಂದರು. ಊರಿನಲ್ಲಿ ಸಾಹುಕಾರನ ಮಗ, ಹಿಂದಿನ ಬೆಂಚಿನವ, ಅಳುಬುರುಕಿ ಎಂಬೆಲ್ಲ ಹಣೆಪಟ್ಟಿಗಳು ಶಿಬಿರದ ಗೇಟಿನಾಚೆ ಉಳಿಯುತ್ತವೆ. ಹದಿನಾಲ್ಕು ವರ್ಷದವರಿಗೆ ಅದೆಷ್ಟು ದೊಡ್ಡ ಬಿಡುಗಡೆ ಎಂಬುದು ದೊಡ್ಡವರಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಇದೇ ಶಕ್ತಿಗೆ ಇನ್ನೊಂದು ಮುಖವಿದೆ. 1954ರಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಓಕ್ಲಹೋಮದ ರಾಬರ್ಸ್ ಕೇವ್ ಉದ್ಯಾನದಲ್ಲಿ ಬೇಸಿಗೆ ಶಿಬಿರದ ಹೆಸರಿನಲ್ಲಿ ಒಂದು ಪ್ರಯೋಗ ನಡೆಸಿದರು. ಧಾರ್ಮಿಕ ಶಿಬಿರವೇನಲ್ಲ, ಆದರೆ ಬಂದ 22 ಹುಡುಗರೂ ಪ್ರಾಟೆಸ್ಟೆಂಟ್ ಮಧ್ಯಮವರ್ಗದ ಮನೆಗಳವರು, ಒಬ್ಬರನ್ನೊಬ್ಬರು ಮೊದಲು ಕಂಡವರಲ್ಲ. ಎರಡು ಗುಂಪು ಮಾಡಿ ಪಂದ್ಯ ಕಟ್ಟಿದ್ದೇ ತಡ, ಕೆಲವೇ ದಿನಗಳಲ್ಲಿ ಬಾವುಟ ಸುಡುವ, ಕೋಣೆಗೆ ನುಗ್ಗುವ ಮಟ್ಟಕ್ಕೆ ಹಗೆ ಬೆಳೆಯಿತು. ಎರಡೂ ಗುಂಪು ಕೂಡಿದರೆ ಮಾತ್ರ ಆಗುವ ಕೆಲಸಗಳನ್ನು ಒಡ್ಡಿದಾಗ ಅದು ಇಳಿಯಿತು. ಶಿಬಿರದ ವಾತಾವರಣದಲ್ಲಿ ಹುಡುಗರ ಮನಸ್ಸು ಎಷ್ಟು ಬೇಗ ಹದಕ್ಕೆ ಬರುತ್ತದೆ, ಅದನ್ನು ಯಾವ ಅಚ್ಚಿಗೂ ಎರೆಯಬಹುದು ಎಂಬುದನ್ನು ಶಿಬಿರ ನಡೆಸುವ ಪ್ರತಿಯೊಬ್ಬರೂ ಈ ಪ್ರಯೋಗದಿಂದ ತಿಳಿಯಬೇಕು. 2006ರಲ್ಲಿ ಬಂದ ‘ಜೀಸಸ್ ಕ್ಯಾಂಪ್’ ಎಂಬ ಸಾಕ್ಷ್ಯಚಿತ್ರ ಉತ್ತರ ಡಕೋಟದ ಶಿಬಿರವೊಂದರಲ್ಲಿ ಎಳೆಯ ಮಕ್ಕಳನ್ನು ಕಣ್ಣೀರಿಗೂ ರಾಜಕೀಯ ಆವೇಶಕ್ಕೂ ಒಯ್ಯುವ ದೃಶ್ಯಗಳನ್ನು ತೋರಿಸಿದಾಗ ಅಮೆರಿಕದ ಕ್ರೈಸ್ತರಲ್ಲೇ ದೊಡ್ಡ ಚರ್ಚೆಯಾಯಿತು. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಆ ಚಿತ್ರದ ಬೆನ್ನಿಗೇ ಶಿಬಿರ ನಿಂತುಹೋಯಿತು.

ಇನ್ನೊಂದು ತುದಿಯಲ್ಲಿ, ಶಿಬಿರದ ಏಕಾಂತ ಮಾಡಿದ ಕೆಲಸಕ್ಕೆ ಬೋಧಕ ಬಿಲ್ಲಿ ಗ್ರಹಾಂ ಪ್ರಸಿದ್ಧ ಉದಾಹರಣೆ. ಹೆನ್ರಿಯೆಟ್ಟ ಮಿಯರ್ಸ್ ಎಂಬ ಭಾನುವಾರ ಶಾಲೆಯ ಶಿಕ್ಷಕಿ 1938ರಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಫಾರೆಸ್ಟ್ ಹೋಮ್ ಶಿಬಿರಕೇಂದ್ರವನ್ನು ಕಟ್ಟಿದ್ದರು. 1949ರ ಬೇಸಿಗೆಯಲ್ಲಿ ಅಲ್ಲಿಗೆ ಬೋಧಿಸಲು ಬಂದ ಗ್ರಹಾಂ ಆಗ ಮೂವತ್ತರ ತರುಣ. ಗೆಳೆಯ ಚಾರ್ಲ್ಸ್ ಟೆಂಪಲ್‌ಟನ್ ಎತ್ತಿದ ಪ್ರಶ್ನೆಗಳಿಂದ ಬೈಬಲ್ ಮೇಲಿನ ಅವರ ನಂಬಿಕೆಯೇ ಅಲುಗಾಡುತ್ತಿತ್ತು. ಒಂದು ರಾತ್ರಿ ಕಾಡಿನೊಳಗೆ ಒಬ್ಬರೇ ಹೋಗಿ ಪ್ರಾರ್ಥಿಸಿ ಆ ತಳಮಳವನ್ನು ಬಗೆಹರಿಸಿಕೊಂಡು ಬಂದರು. ಕೆಲವೇ ವಾರಗಳಲ್ಲಿ ಆರಂಭವಾದ ಲಾಸ್ ಏಂಜಲೀಸ್ ಸಭೆಗಳು ಮೂರು ವಾರಕ್ಕೆಂದು ನಿಗದಿಯಾಗಿದ್ದು ಎಂಟು ವಾರ ನಡೆದವು; ಗ್ರಹಾಂ ಲೋಕಪ್ರಸಿದ್ಧರಾದರು. ಅದೇ ಪ್ರಶ್ನೆಗಳನ್ನು ಹೊತ್ತ ಟೆಂಪಲ್‌ಟನ್ ಕೆಲವು ವರ್ಷಗಳಲ್ಲಿ ನಂಬಿಕೆಯನ್ನೇ ಬಿಟ್ಟರು. ಕಾಡಿನ ಏಕಾಂತ ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ.

ಮನೆಗೆ ಮರಳಿದ ಮೇಲೆ

ಶಿಬಿರ ನಡೆಸುವವರೆಲ್ಲ ಬಲ್ಲ ಒಂದು ಸಂಗತಿಯಿದೆ: ಕೊನೆಯ ರಾತ್ರಿ ಅತ್ತು, ಕೈಯೆತ್ತಿ, ಸಮರ್ಪಣೆ ಮಾಡಿಕೊಂಡ ಹುಡುಗ ಹುಡುಗಿಯರಲ್ಲಿ ಹಲವರು ಶಾಲೆ ಶುರುವಾಗುವ ಹೊತ್ತಿಗೆ ಮೊದಲಿನಂತೆಯೇ ಆಗಿರುತ್ತಾರೆ. ಅದೇ ಮಕ್ಕಳು ವರ್ಷ ವರ್ಷವೂ ಬಂದು ಅದೇ ನಿರ್ಧಾರವನ್ನು ಮತ್ತೆ ಮಾಡುವುದೂ ಉಂಟು. ಇದನ್ನು ಕಪಟವೆಂದು ತಳ್ಳಿಹಾಕುವುದು ಅನ್ಯಾಯ. ದಣಿದ ಮೈ, ನಿದ್ದೆಗೆಟ್ಟ ಕಣ್ಣು, ಅಗಲುವ ದುಃಖ, ಸಂಗೀತ ಎಲ್ಲ ಕೂಡಿದಾಗ ಉಕ್ಕುವ ಭಾವ ನಿಜವಾದದ್ದೇ. ಆದರೆ ಆಸರೆ ಸಿಗದಿದ್ದರೆ ಅದು ಇಳಿದುಹೋಗುತ್ತದೆ. ಆ ಘಳಿಗೆಯನ್ನೇ ಗುರಿಯಾಗಿಟ್ಟುಕೊಂಡು ಕೈಯೆತ್ತಿದವರ ತಲೆ ಎಣಿಸುವ ಶಿಬಿರಗಳು ಮಕ್ಕಳಿಗೆ ಒಳ್ಳೆಯದು ಮಾಡುವುದಿಲ್ಲ.

ಅಮೆರಿಕದ ಶಿಬಿರಗಳ ಒಕ್ಕೂಟ 2001ರಿಂದ 2004ರವರೆಗೆ 80 ಶಿಬಿರಗಳ 5,000ಕ್ಕೂ ಹೆಚ್ಚು ಕುಟುಂಬಗಳನ್ನು ಪ್ರಶ್ನಿಸಿ ನಡೆಸಿದ ಸಮೀಕ್ಷೆಯಲ್ಲಿ ಮಕ್ಕಳ ಆತ್ಮವಿಶ್ವಾಸ, ಸ್ವಾವಲಂಬನೆ, ಗೆಳೆತನ ಮಾಡುವ ಕಲೆ, ಮುಂದಾಳುತನ ಹೆಚ್ಚಿದ್ದು ಕಂಡುಬಂತು. ಆಧ್ಯಾತ್ಮಿಕ ಬೆಳವಣಿಗೆ ಧಾರ್ಮಿಕ ಶಿಬಿರಗಳಲ್ಲಿ ಎದ್ದು ಕಂಡಿತು. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ನೇತೃತ್ವದಲ್ಲಿ 3,290 ಹದಿಹರೆಯದವರನ್ನು ಮಾತಾಡಿಸಿ, ಮುಂದೆ ವರ್ಷಗಟ್ಟಲೆ ಹಿಂಬಾಲಿಸಿದ ಯುವಜನ ಮತ್ತು ಧರ್ಮದ ರಾಷ್ಟ್ರೀಯ ಅಧ್ಯಯನ, ನಂಬಿಕೆ ಉಳಿಯುವುದರಲ್ಲಿ ತಂದೆತಾಯಿಯ ನಡೆನುಡಿಯ ಪಾಲೇ ದೊಡ್ಡದೆಂದು ತೋರಿಸಿತು. ಶಿಬಿರ ಒಂಟಿಯಾಗಿ ಪವಾಡ ಮಾಡುವುದಿಲ್ಲ. ಮನೆಯಲ್ಲಿ ಮಾತಿಗೆ ಕಿವಿಗೊಡುವವರು, ಊರಿನ ಸಭೆಯಲ್ಲಿ ಹೆಸರು ಹಿಡಿದು ಕರೆಯುವ ಹಿರಿಯರು ಇದ್ದಾಗ ಅಲ್ಲಿ ಬಿದ್ದ ಬೀಜ ಬೇರುಬಿಡುತ್ತದೆ.

ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸುವುದರಿಂದ ಆಗುವುದೆಷ್ಟು ಎಂಬುದಕ್ಕೆ ಒಂದು ಪರೀಕ್ಷೆಯೇ ನಡೆದುಹೋಗಿದೆ. ಮದುವೆಯವರೆಗೆ ಬ್ರಹ್ಮಚರ್ಯ ಪಾಲಿಸುವೆವೆಂಬ ಪ್ರತಿಜ್ಞೆಯ ಆಂದೋಲನವನ್ನು ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟ್ ಸಭೆಗಳವರು 1993ರಲ್ಲಿ ಆರಂಭಿಸಿದರು. ಯುವಜನ ಶಿಬಿರಗಳು ಅದಕ್ಕೆ ಹೇಳಿಮಾಡಿಸಿದ ವೇದಿಕೆಗಳಾದವು. ಪೀಟರ್ ಬೇರ್‌ಮನ್ ಮತ್ತು ಹನ್ನಾ ಬ್ರೂಕ್ನರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಪ್ರತಿಜ್ಞೆ ಮಾಡಿದವರು ಲೈಂಗಿಕ ಸಂಬಂಧವನ್ನು ಸರಾಸರಿ ಒಂದೂವರೆ ವರ್ಷದಷ್ಟು ಮುಂದೂಡಿದರು. ಆದರೆ ಪ್ರತಿಜ್ಞೆ ಮುರಿದಾಗ ಗರ್ಭನಿರೋಧಕ ಬಳಸುವ ಸಾಧ್ಯತೆ ಅವರಲ್ಲಿ ಕಡಿಮೆಯಿತ್ತು. ಆ ಕಾಲದಲ್ಲಿ ಬೆಳೆದ ಹೆಣ್ಣುಮಕ್ಕಳಲ್ಲಿ ಹಲವರು ತಮ್ಮ ದೇಹದ ಬಗ್ಗೆಯೇ ನಾಚಿಕೆಯನ್ನು ಹೊತ್ತು ಬದುಕಿದ್ದನ್ನು ಈಚೆಗೆ ಬರೆದುಕೊಂಡಿದ್ದಾರೆ. ಅದೂ ಶಿಬಿರಗಳ ಶಾಶ್ವತ ಪ್ರಭಾವವೇ.

ಹೆಚ್ಚು ಮಾಗಿದ ಫಲ ಕಾಣುವುದು ಶಿಬಿರಾರ್ಥಿಗಳಿಗಿಂತ ಅವರನ್ನು ನೋಡಿಕೊಳ್ಳುವ ತರುಣ ಮುಂದಾಳುಗಳಲ್ಲಿ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಎಂಟು ಮಕ್ಕಳ ಹೊಣೆ ಒಪ್ಪಿಸಿದರೆ ರಾತ್ರಿ ಹೊಟ್ಟೆನೋವೆಂದು ಅಳುವ ಮಗುವನ್ನು ಸಂತೈಸುವುದರಿಂದ ಹಿಡಿದು ಬೈಬಲ್ಲಿನ ಕಠಿಣ ಪ್ರಶ್ನೆಗೆ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಹೇಳುವುದರ ತನಕ ಎಲ್ಲವನ್ನೂ ಅವಳು ಒಂದೇ ವಾರದಲ್ಲಿ ಕಲಿಯಬೇಕು. ಬೇರೆಯವರಿಗೆ ಕಲಿಸಹೋಗಿ ತಾನೇ ಕಲಿಯುವ ಈ ಅವಕಾಶ ಆ ವಯಸ್ಸಿನವರಿಗೆ ಬೇರೆಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಸಭಾಪಾಲಕರು, ಶಿಕ್ಷಕರು, ದಾದಿಯರು, ಸಮಾಜಸೇವಕರು ಅನೇಕರು ತಮ್ಮ ವೃತ್ತಿಯ ಕರೆ ಮೊದಲು ಕೇಳಿಸಿದ್ದು ಇಲ್ಲೇ ಎಂದು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಪೋಲೆಂಡಿನ ಓಯಸಿಸ್

ಶಿಬಿರವೇ ಪ್ರತಿಭಟನೆಯಾದ ದೇಶ ಪೋಲೆಂಡ್. ಕಮ್ಯುನಿಸ್ಟ್ ಸರ್ಕಾರ ಅಲ್ಲಿ ಕ್ಯಾಥೊಲಿಕ್ ಯುವಸಂಘಟನೆಗಳನ್ನು ಮುಚ್ಚಿಸಿತ್ತು. ಪಾದ್ರಿಗಳು ತರುಣರ ಗುಂಪು ಕಟ್ಟಿಕೊಂಡು ತಿರುಗುವಂತಿರಲಿಲ್ಲ. ಕ್ರಾಕೊವ್‌ನ ತರುಣ ಪಾದ್ರಿ ಕರೋಲ್ ವೊಯ್ತಿವ ವಿದ್ಯಾರ್ಥಿಗಳ ಜೊತೆ ಸಾಮಾನ್ಯ ಬಟ್ಟೆಯಲ್ಲಿ ಬೆಟ್ಟ ಹತ್ತುತ್ತಿದ್ದರು, ನದಿಗಳಲ್ಲಿ ಕಯಾಕ್ ನಡೆಸುತ್ತಿದ್ದರು. ಪೊಲೀಸರಿಗೆ ಅನುಮಾನ ಬಾರದಿರಲೆಂದು ಹುಡುಗರು ಅವರನ್ನು ಮಾವ ಎಂದು ಕರೆಯುತ್ತಿದ್ದರು. ದಂಡೆಯಲ್ಲಿ ಕಯಾಕನ್ನು ಬೋರಲು ಹಾಕಿದರೆ ಅದೇ ಬಲಿಪೀಠ. 1958ರ ಜುಲೈನಲ್ಲಿ ಇಂಥದೇ ಪ್ರವಾಸದ ನಡುವೆ ವಾರ್ಸಾಗೆ ಕರೆ ಬಂತು; ಬಿಷಪ್ ಆಗಿ ನೇಮಕವಾದ ಸುದ್ದಿ ಕೇಳಿ ಅವರು ಮತ್ತೆ ನದಿಗೇ ಮರಳಿದರು. ಇಪ್ಪತ್ತು ವರ್ಷಗಳ ನಂತರ ಅವರು ಎರಡನೆಯ ಜಾನ್ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದರು. ಕಯಾಕಿನ ಗೆಳೆಯರು ಕೊನೆಯವರೆಗೂ ಗೆಳೆಯರಾಗಿಯೇ ಉಳಿದರು.

ಇದನ್ನು ದೊಡ್ಡ ಚಳವಳಿಯಾಗಿ ಬೆಳೆಸಿದವರು ಪಾದ್ರಿ ಫ್ರಾನ್ಸಿಶೆಕ್ ಬ್ಲಾಖ್ನಿಟ್ಸ್ಕಿ. ನಾಜಿಗಳ ಕಾಲದಲ್ಲಿ ಔಶ್ವಿಟ್ಜ್ ಕಂಡು, ಮರಣದಂಡನೆಗೆ ಗುರಿಯಾಗಿ ಬದುಕುಳಿದವರು ಅವರು. 1954ರಲ್ಲಿ ಪೂಜೆಗೆ ನೆರವಾಗುವ ಹುಡುಗರಿಗಾಗಿ ಮೊದಲ ಓಯಸಿಸ್ ಶಿಬಿರ ನಡೆಸಿದರು. ಜಪಮಾಲೆಯ ಹದಿನೈದು ರಹಸ್ಯಗಳಿಗೆ ಹೊಂದುವಂತೆ ಹದಿನೈದು ದಿನಗಳ ಶಿಬಿರ. ಪ್ರಾರ್ಥನೆ, ಚಿಕ್ಕ ಗುಂಪು, ಬೆಟ್ಟದ ನಡಿಗೆ. ದಕ್ಷಿಣದ ಬೆಟ್ಟಗಳ ಹಳ್ಳಿಗರು ತಮ್ಮ ಮನೆ, ಅಟ್ಟ, ಕೊಟ್ಟಿಗೆಗಳನ್ನು ಬಿಟ್ಟುಕೊಟ್ಟರು. ಅದಕ್ಕಾಗಿ ಅಧಿಕಾರಿಗಳ ಕಿರುಕುಳವನ್ನೂ ದಂಡವನ್ನೂ ಸಹಿಸಿದರು. ಬೇಸಿಗೆಯಲ್ಲಿ ಸತ್ಯ ಮಾತಾಡಿ ಅಭ್ಯಾಸವಾದ ತರುಣರಿಗೆ ಉಳಿದ ತಿಂಗಳುಗಳ ಸುಳ್ಳು ಸಹಿಸುವುದು ಕಷ್ಟವಾಯಿತು. 1980ರ ಸಾಲಿಡಾರಿಟಿ ಕಾರ್ಮಿಕ ಚಳವಳಿಯ ಹೊತ್ತಿಗೆ ಇಂಥ ಶಿಬಿರಗಳಲ್ಲಿ ಬೆಳೆದ ಒಂದು ತಲೆಮಾರೇ ಸಿದ್ಧವಾಗಿತ್ತು. ಬ್ಲಾಖ್ನಿಟ್ಸ್ಕಿ 1987ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹಠಾತ್ತನೆ ತೀರಿಕೊಂಡರು; ಅವರಿಗೆ ವಿಷ ಹಾಕಲಾಗಿತ್ತೆಂದು ಪೋಲೆಂಡಿನ ತನಿಖಾಧಿಕಾರಿಗಳು 2023ರಲ್ಲಿ ಪ್ರಕಟಿಸಿದರು.

ಕರ್ನಾಟಕದಲ್ಲಿ

ಇಲ್ಲಿ ಏಪ್ರಿಲ್, ಮೇ ತಿಂಗಳೆಂದರೆ ಪ್ರಾಟೆಸ್ಟೆಂಟ್ ಸಭೆಗಳ ಮಕ್ಕಳಿಗೆ ವಿಬಿಎಸ್ ಕಾಲ. ರಜೆಯ ಬೈಬಲ್ ಶಾಲೆ ಎಂಬ ಈ ಪದ್ಧತಿಯ ಬೇರೂ ಅಮೆರಿಕದ್ದೇ: 1898ರಲ್ಲಿ ಎಲೈಜಾ ಹಾವ್ಸ್ ನ್ಯೂಯಾರ್ಕಿನ ಬೀದಿ ಮಕ್ಕಳಿಗಾಗಿ ಬಿಯರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಶಾಲೆ ತೆರೆದರು, 1901ರಿಂದ ರಾಬರ್ಟ್ ಬೋವಿಲ್ ಅದನ್ನು ಹಬ್ಬಿಸಿದರು. ನಮ್ಮಲ್ಲಿ ಇದು ಮಕ್ಕಳು ಮನೆಯಿಂದಲೇ ಬಂದುಹೋಗುವ ಶಿಬಿರ. ಚರ್ಚಿನ ಆವರಣದಲ್ಲಿ ಶಾಮಿಯಾನ, ಕೈಸನ್ನೆಯ ಅಭಿನಯ ಗೀತೆಗಳು, ಬಾಯಿಪಾಠದ ವಚನ, ಬಣ್ಣದ ಕಾಗದದ ಕೈಕೆಲಸ, ನಡುವೆ ಶರಬತ್ತು, ಬಿಸ್ಕತ್ತು. ಕೊನೆಯ ದಿನ ತಂದೆತಾಯಿಯ ಮುಂದೆ ಕಾರ್ಯಕ್ರಮ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳಿಗೆ ಕನ್ನಡ ಸತ್ಯವೇದದ ಸಾಲುಗಳು ಗಟ್ಟಿಯಾಗಿ ಬಾಯಿಗೆ ಕೂರುವುದು ಈ ದಿನಗಳಲ್ಲೇ. ಪಾಠ ಹೇಳುವವರು ಪಿಯುಸಿ, ಪದವಿ ಓದುವ ಅಕ್ಕಂದಿರು, ಅಣ್ಣಂದಿರು. ಮೈಕಿನ ಮುಂದೆ ನಿಂತು ಮಾತಾಡುವ ಧೈರ್ಯ, ನೂರು ಮಕ್ಕಳನ್ನು ಸುಮ್ಮನಿರಿಸುವ ಜಾಣ್ಮೆ ಅವರಿಗೆ ಬರುವುದು ಹೀಗೆ. ಹಳ್ಳಿಯ ಸಭೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮುಂದಾಳುತನದ ಮೊದಲ ಮೆಟ್ಟಿಲು ಇದಾಗಿದೆ.

ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ, ಮುಖ್ಯವಾಗಿ ಕರಾವಳಿಯಲ್ಲಿ, ವೈಸಿಎಸ್ (ಯುವ ಕ್ರೈಸ್ತ ವಿದ್ಯಾರ್ಥಿ ಸಂಘಟನೆ) ಮತ್ತು ಐಸಿವೈಎಂ (ಭಾರತೀಯ ಕ್ಯಾಥೊಲಿಕ್ ಯುವ ಸಂಚಲನ) ಶಿಬಿರಗಳದು ಬೇರೆ ಜಾಡು. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ದುಡಿಯುವ ತರುಣರಿಗಾಗಿ ರೂಪಿಸಿದ ನೋಡು, ವಿವೇಚಿಸು, ಕಾರ್ಯಕ್ಕಿಳಿ ಎಂಬ ಕ್ರಮ ವೈಸಿಎಸ್‌ನ ಅಡಿಪಾಯ. ಊರಿನ ಸಮಸ್ಯೆಯೊಂದನ್ನು ಹೋಗಿ ನೋಡಿ, ಸುವಾರ್ತೆಯ ಬೆಳಕಿನಲ್ಲಿ ತೂಗಿ, ಏನಾದರೊಂದು ಕೆಲಸ ಹಮ್ಮಿಕೊಳ್ಳುವುದು ಇದರ ರೀತಿ. ಕಣ್ಣೀರಿನ ರಾತ್ರಿಗಿಂತ ಇಂಥ ಅಭ್ಯಾಸಕ್ಕೆ ಬಾಳಿಕೆ ಹೆಚ್ಚು. 1963ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಎಂ.ಎ. ಥಾಮಸ್ ಸ್ಥಾಪಿಸಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಬೇರೆ ಬೇರೆ ಸಭೆಗಳ ಯುವಜನ ಒಂದೇ ಸೂರಿನಡಿ ಸೇರಿ ಚರ್ಚಿಸಲು ಎಡೆ ಮಾಡಿಕೊಟ್ಟಿತು.

ಗಾಯಗಳು

ಇಂಗ್ಲೆಂಡಿನ ಐವರ್ನ್ ಶಿಬಿರಗಳ ಕಥೆಯಲ್ಲಿ ಬೆಳೆಸುವ ಸಂಬಂಧ, ಗಾಯಗೊಳಿಸುವ ಸಂಬಂಧ ಎಂಬ ಈ ಲೇಖನದ ಎರಡು ಎಳೆಗಳೂ ಒಂದೇ ಕಡೆ ಹೆಣೆದುಕೊಂಡಿವೆ. ಇ.ಜೆ.ಎಚ್. ನ್ಯಾಶ್ ಎಂಬ ಪಾದ್ರಿ 1930ರ ದಶಕದಲ್ಲಿ ಆರಂಭಿಸಿದ ಇವು ಹೆಸರಾಂತ ಖಾಸಗಿ ಶಾಲೆಗಳ ಹುಡುಗರಿಗೆ ಮಾತ್ರ ಮೀಸಲಾಗಿದ್ದವು. ಮುಂದೆ ದೇಶ ಆಳುವವರನ್ನು ಈಗಲೇ ತಿದ್ದಿದರೆ ದೇಶವೇ ತಿದ್ದೀತೆಂಬ ಲೆಕ್ಕ. 1938ರಲ್ಲಿ ನ್ಯಾಶ್ ಅವರ ಮಾತು ಕೇಳಿ ಕ್ರಿಸ್ತನ ಕಡೆ ತಿರುಗಿದ ರಗ್ಬಿ ಶಾಲೆಯ ಹುಡುಗ ಜಾನ್ ಸ್ಟಾಟ್‌ಗೆ ಅವರು ವರ್ಷಗಟ್ಟಲೆ ವಾರಕ್ಕೊಂದು ಪತ್ರ ಬರೆದರು. ಸ್ಟಾಟ್ ಶಿಬಿರದ ಆಡಳಿತದಲ್ಲಿ ಪಳಗಿ, ಮುಂದೆ 1974ರ ಲೊಸಾನ್ ಜಾಗತಿಕ ಸುವಾರ್ತಾ ಸಮ್ಮೇಳನದ ಒಡಂಬಡಿಕೆಯ ಕರಡನ್ನು ರೂಪಿಸಿದ, ಲೋಕದಾದ್ಯಂತ ಓದುಗರನ್ನು ಪಡೆದ ಚಿಂತಕರಾದರು.

ಇದೇ ಶಿಬಿರಗಳ ಟ್ರಸ್ಟ್‌ಗೆ 1970ರ ದಶಕದಲ್ಲಿ ಅಧ್ಯಕ್ಷನಾದ ವಕೀಲ ಜಾನ್ ಸ್ಮಿತ್ ಶಿಬಿರದಲ್ಲಿ ಪರಿಚಯವಾದ ಹುಡುಗರನ್ನು ವಿಂಚೆಸ್ಟರಿನ ತನ್ನ ಮನೆಗೆ ಕರೆಸಿ, ಪಾಪಕ್ಕೆ ಶಿಕ್ಷೆಯೆಂಬ ನೆಪದಲ್ಲಿ ರಕ್ತ ಸುರಿಯುವಂತೆ ಬೆತ್ತದಿಂದ ಹೊಡೆದ. 1982ರಲ್ಲೇ ಒಳಗಿನವರಿಗೆ ವರದಿ ಸಿಕ್ಕಿತ್ತು, ಪೊಲೀಸರಿಗೆ ಹೇಳಲಿಲ್ಲ. ಅವನು ಜಿಂಬಾಬ್ವೆಗೆ ಹೋಗಿ ಅಲ್ಲಿಯೂ ಶಿಬಿರ ತೆರೆದ. 1992ರಲ್ಲಿ ಅಲ್ಲೊಬ್ಬ ಹದಿನಾರರ ಹುಡುಗ ಸತ್ತ. 2017ರಲ್ಲಿ ಟಿವಿ ವರದಿಯಿಂದ ವಿಷಯ ಬಯಲಾಯಿತು. ಸ್ಮಿತ್ 2018ರಲ್ಲಿ ವಿಚಾರಣೆಯಿಲ್ಲದೆ ಸತ್ತ. ಬ್ರಿಟನ್ ಮತ್ತು ಆಫ್ರಿಕಗಳಲ್ಲಿ ನೂರಕ್ಕೂ ಹೆಚ್ಚು ಹುಡುಗರು, ಯುವಕರು ಅವನಿಗೆ ಬಲಿಯಾದರೆಂದು 2024ರ ನವೆಂಬರಿನಲ್ಲಿ ಹೊರಬಂದ ಮೇಕಿನ್ ವರದಿ ಹೇಳಿತು. ಯೌವನದಲ್ಲಿ ಅದೇ ಶಿಬಿರಗಳಲ್ಲಿ ದುಡಿದಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಆ ವರದಿಯ ಬೆನ್ನಿಗೆ ರಾಜೀನಾಮೆ ಘೋಷಿಸಿದರು. ಪತ್ರ ಬರೆದು ಬೆಳೆಸಿದ್ದೂ ಬೆತ್ತ ಹಿಡಿದು ಒಡೆದದ್ದೂ ಒಂದೇ ಬಗೆಯ ನಂಬಿಕೆಯನ್ನು ನೆಚ್ಚಿಕೊಂಡು. ಅಮೆರಿಕದ ಮಿಸ್ಸೂರಿಯ ಕನಕುಕ್ ಶಿಬಿರಗಳಲ್ಲೂ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ನಿರ್ದೇಶಕನೊಬ್ಬನಿಗೆ 2010ರಲ್ಲಿ ಎರಡು ಜೀವಾವಧಿ ಮತ್ತು 30 ವರ್ಷಗಳ ಶಿಕ್ಷೆಯಾಯಿತು.

ಇವುಗಳ ನಂತರ ಹಲವು ದೇಶಗಳಲ್ಲಿ ನಿಯಮಗಳು ಬಿಗಿಯಾದವು: ದೊಡ್ಡವರೊಬ್ಬರು ಮಗುವಿನ ಜೊತೆ ಒಂಟಿಯಾಗಿ ಇರಕೂಡದು, ಮುಂದಾಳುಗಳ ಹಿನ್ನೆಲೆ ಪರಿಶೀಲಿಸಬೇಕು, ದೂರನ್ನು ಸಂಸ್ಥೆಯೊಳಗೆ ಮುಚ್ಚಿಡದೆ ಪೊಲೀಸರಿಗೆ ಒಪ್ಪಿಸಬೇಕು. ಭಾರತದಲ್ಲಿ 2012ರ ಪೋಕ್ಸೊ ಕಾಯಿದೆ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದನ್ನೇ ಅಪರಾಧವೆಂದಿದೆ. ಚರ್ಚಿನ ಶಿಬಿರವೂ ಅದಕ್ಕೆ ಹೊರತಲ್ಲ.

ಮನುಷ್ಯರಷ್ಟೇ ಅಲ್ಲ, ಜಾಗವೂ ಮಕ್ಕಳಿಗೆ ಎರವಾಗಬಹುದು. ಟೆಕ್ಸಸ್‌ನ ಗ್ವಾಡಲೂಪ್ ನದಿಯ ದಂಡೆಯಲ್ಲಿ 1926ರಿಂದ ನಡೆಯುತ್ತಿದ್ದ ಕ್ಯಾಂಪ್ ಮಿಸ್ಟಿಕ್ ಹುಡುಗಿಯರ ಕ್ರೈಸ್ತ ಶಿಬಿರ. ಅಜ್ಜಿ, ತಾಯಿ, ಮಗಳು ಮೂರು ತಲೆಮಾರು ಅದೇ ಕ್ಯಾಬಿನ್ನುಗಳಲ್ಲಿ ಬೇಸಿಗೆ ಕಳೆದ ಮನೆತನಗಳಿದ್ದವು. 2025ರ ಜುಲೈ 4ರ ನಸುಕಿನಲ್ಲಿ ನದಿ ಉಕ್ಕಿ ಬಂದು 25 ಶಿಬಿರಾರ್ಥಿಗಳನ್ನೂ ಇಬ್ಬರು ಮುಂದಾಳುಗಳನ್ನೂ ಕೊಂಡೊಯ್ದಿತು. ಶಿಬಿರದ ನಿರ್ದೇಶಕರೂ ಸತ್ತರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ರಾಜ್ಯದ ಶಾಸನಸಭೆಯ ಮುಂದೆ ನಿಂತು ಸಾಕ್ಷ್ಯ ನುಡಿದರು. ಆ ಸೆಪ್ಟೆಂಬರಿನಲ್ಲೇ ಟೆಕ್ಸಸ್ ಹೊಸ ಕಾನೂನು ತಂದಿತು: ನೆರೆ ಬರುವ ತಗ್ಗಿನಲ್ಲಿ ಮಕ್ಕಳು ಮಲಗುವ ಕ್ಯಾಬಿನ್ ಇರುವಂತಿಲ್ಲ, ಪ್ರತಿ ಶಿಬಿರಕ್ಕೂ ತುರ್ತು ಯೋಜನೆ ಇರಬೇಕು, ಅದನ್ನು ಮುಂದಾಳುಗಳಿಗೆ ಕಲಿಸಿರಬೇಕು.